ಜೇನುಮರದ ಹಗ್ಗ ಹಿಡಿದದ್ದು

ಇದನ್ನು ಬರೆಯಬೇಕೆಂದು ಕಾಫಿ ಹೂವಾಗುವ ಕಾಲಕ್ಕೆ ಎಷ್ಟೋ ವರ್ಷ ಕುಳಿತಿದ್ದೇನೆ. ಹೂ ಕಂದುವ ಹೊತ್ತಿಗೆ ಮತ್ತೇನೋ ಕೆಲಸ ನೆನಪಾಗಿ ಎದ್ದುಬಿಟ್ಟಿದ್ದೇನೆ. ಕಣ್ಣು ಮಂಜು, ಕೈ ನಡುಕ ಎಂದು ನನಗೆ ನಾನೇ ಹೇಳಿಕೊಂಡದ್ದುಂಟು. ಆದರೆ ಕಣ್ಣೂ ಕೈಯೂ ಚೆನ್ನಾಗಿದ್ದ ಕಾಲದಲ್ಲೂ ನಾನು ಬರೆಯಲಿಲ್ಲ. ಈಗ ನೆಪಗಳು ಮುಗಿದಿವೆ.

ಕೊಡಗು ತನ್ನದೇ ಸರ್ಕಾರವಿದ್ದ ಸಣ್ಣ ರಾಜ್ಯವಾಗಿದ್ದ ಕಾಲ ಅದು. ನಾನು ಹಾಸನದ ಕಡೆಯ ಒಬ್ಬ ಮರದ ಕಂಟ್ರಾಕ್ಟರರ ಬಳಿ ಲೆಕ್ಕ ಬರೆಯುವ ರೈಟರನಾಗಿದ್ದೆ. ಸುಂಟಿಕೊಪ್ಪದಿಂದ ಒಳಗೆ, ಒಂದು ಎಸ್ಟೇಟಿಗೆ ಸೇರಿದ ಬಾಣೆಯಲ್ಲಿ ಕೆಲಸ. ಬಾಣೆ ಎಂದರೆ ಗದ್ದೆಯ ಜೊತೆಗೆ ಬಂದ ಕಾಡುಜಾಗ. ಸೊಪ್ಪು, ಸೌದೆ, ಮನೆಗೆ ಬೇಕಾದ ತೊಲೆ ಅಲ್ಲಿಂದ ಬರುತ್ತಿದ್ದವು. ಮಾರುವ ಹಕ್ಕು ಮಾತ್ರ ಸರ್ಕಾರದ್ದು. ಈ ಎಸ್ಟೇಟಿನ ಮಾಲೀಕರು ಕಟ್ಟಬೇಕಾದ್ದನ್ನು ಕಟ್ಟಿ ಆ ಹಕ್ಕನ್ನೂ ಬಿಡಿಸಿಕೊಂಡಿದ್ದರು. ಕಾಫಿಗೆ ಬೆಲೆ ಏರುತ್ತಿತ್ತು. ಅವರಿಗೆ ಮರ ಹೋಗಿ ಜಾಗ ಬೇಕಿತ್ತು, ನಮ್ಮ ಕಂಟ್ರಾಕ್ಟರರಿಗೆ ಜಾಗ ಬಿಟ್ಟು ಮರ ಬೇಕಿತ್ತು. ಇಬ್ಬರೂ ಒಂದೇ ಸಂಜೆಯಲ್ಲಿ ನಗುನಗುತ್ತ ಮಾತು ಮುಗಿಸಿದರು.

ಲಾರಿಯಲ್ಲಿ ಹಿಂತಿರುಗುವಾಗ ಕಂಟ್ರಾಕ್ಟರರು ಹೇಳಿದರು: “ಯುದ್ಧದ ಕಾಲ್ದಲ್ಲಿ ಒಂದು ತೊಲೆ ಸಾಗಿಸ್ಬೇಕಾದ್ರೂ ಯಾರ್ಯಾರ ಮುಂದೋ ಕೈ ಕಟ್ಕೊಂಡು ನಿಲ್ಬೇಕಿತ್ತು ಕಣಯ್ಯಾ. ಈಗ ಕಂಟ್ರೋಲು ಹೋಯ್ತು. ಇದ್ದೋನು ಮಾರ್ತಾನೆ, ಬೇಕಾದೋನು ಕೊಂಡ್ಕೋತಾನೆ. ಮಧ್ಯೆ ಯಾರಿಗೇನು ನಷ್ಟ, ನೀನೇ ಹೇಳು?”

ನನಗೆ ನಷ್ಟ ಕಾಣಲಿಲ್ಲ. ಅವರು ಹೇಳಿದರೆಂದು ಒಪ್ಪಿದ್ದಲ್ಲ, ನಾನೇ ನಂಬಿದ್ದೆ. ಬಸ್ಸಿನಲ್ಲಿ ಬರುತ್ತಿದ್ದ ಪತ್ರಿಕೆಯನ್ನು ಚಹದಂಗಡಿಯಲ್ಲಿ ಗಟ್ಟಿಯಾಗಿ ಓದಿ ಹೇಳುತ್ತಿದ್ದವನು ನಾನೇ. ಉತ್ಪಾದನೆ, ಅಭಿವೃದ್ಧಿ ಎನ್ನುವ ಮಾತುಗಳು ನಾಲಿಗೆಗೆ ಹೊಸದಾಗಿ, ರುಚಿಯಾಗಿದ್ದವು. ನಿಂತ ಮರ ನಿದ್ದೆ ಹೋದ ಸಂಪತ್ತು, ಕಡಿದರೆ ರಸ್ತೆ, ಕೂಲಿಯವರಿಗೆ ಲೈನುಮನೆ, ಶಾಲೆ ಆಗುತ್ತದೆ ಎಂದು ಎದುರಿಗಿದ್ದವರಿಗೆಲ್ಲ ವಿವರಿಸುತ್ತಿದ್ದೆ.

ಬೀಟೆ, ಹೊನ್ನೆ, ಮತ್ತಿಗಳೆಲ್ಲ ಬೇಸಿಗೆಯೊಳಗೆ ಹೋದವು. ಕೊನೆಗೆ ಉಳಿದದ್ದು ಜೇನುಮರ.

ಅದು ಮೆದುಮರ. ಮೊದಲೆಲ್ಲ ಅದನ್ನು ಸೌದೆಗೂ ಯಾರೂ ಕೇಳುತ್ತಿರಲಿಲ್ಲ. ಈಗ ಬೆಂಕಿಪೊಟ್ಟಣದವರು, ಪೆಟ್ಟಿಗೆ ಮಾಡುವ ಮಿಲ್ಲಿನವರು ಕೇಳತೊಡಗಿದ್ದರು. ಬುಡದ ಹಲಗೆಬೇರುಗಳು ಆಳೆತ್ತರಕ್ಕೆ ಗೋಡೆಗಳಂತೆ ಎದ್ದಿದ್ದವು. ನುಣುಪಾದ ಬಿಳಿಚು ಕಾಂಡ ಕೊಂಬೆಯಿಲ್ಲದೆ ಮೇಲೆ ಹೋಗಿ, ಉಳಿದ ಕಾಡು ಮುಗಿದ ಮೇಲೆ ಹರಡಿಕೊಂಡಿತ್ತು. ಪ್ರತಿ ಕೊಂಬೆಯ ಕೆಳಗೂ ಹೆಜ್ಜೇನಿನ ತಟ್ಟಿಗಳು ಕಪ್ಪಗೆ ಮೊರದಂತೆ ನೇತಾಡುತ್ತಿದ್ದವು. ಎಣಿಸಲು ಹೋಗಿ ಬಿಟ್ಟೆ. ತಟ್ಟಿಗಳ ಮೇಲೆ ಆಗಾಗ ಒಂದು ಅಲೆ ಹಾಯುತ್ತಿತ್ತು, ನಿದ್ದೆಯಲ್ಲಿರುವ ದನ ಮೈ ನಡುಗಿಸಿದ ಹಾಗೆ. ಹತ್ತಿರ ಹೋದರೆ ಮೊದಲು ಸದ್ದು ಕಿವಿಗೆ ಬೀಳುತ್ತಿರಲಿಲ್ಲ. ಬೇರಿನ ಮೇಲೆ ಅಂಗೈ ಇಟ್ಟರೆ ಅಲ್ಲಿ ಗೊತ್ತಾಗುತ್ತಿತ್ತು. ಆಮೇಲೆ ಹಲ್ಲಿನಲ್ಲಿ. ಕಿವಿಗೆ ಕೊನೆಗೆ.

ಗರಗಸದವರ ಮೇಸ್ತ್ರಿ ಮಲಬಾರಿನವನು, ಧೈರ್ಯಸ್ಥ. ಬೇರುಗಳ ಮೇಲೆ ಅಟ್ಟಣಿಗೆ ಕಟ್ಟಿಸಿ, ಮರ ಬೀಳಬೇಕಾದ ಕಡೆಗೆ ಬಾಯಿ ತೆಗೆಯಲು ಕೊಡಲಿ ಹಾಕಿಸಿದ. ನಾಲ್ಕು ಏಟು ಬಿದ್ದಿರಬೇಕು. ಮೇಲೆ ಒಂದು ತಟ್ಟಿ ಬಿಚ್ಚಿಕೊಂಡಿತು. ಬಟ್ಟೆ ಜಾರಿದಂತೆ ಕಂಡಿತು. ನಾವು ಓಡಿ ತೋಡಿನ ನೀರಿಗೆ ಬಿದ್ದೆವು. ದಿಮ್ಮಿ ಎಳೆಯಲು ಸರಪಳಿ ಹಾಕಿಕೊಂಡು ನಿಂತಿದ್ದ ಆನೆ ಮಾವುತನನ್ನು ಬಿಟ್ಟು ಕಾಫಿಗಿಡ ಮುರಿದುಕೊಂಡು ಹೋಯಿತು. ಒಬ್ಬ ಆಳಿನ ಮುಖ ಊದಿ ಕಣ್ಣು ಮುಚ್ಚಿಹೋಗಿ, ಅವನನ್ನು ಮಡಿಕೇರಿಗೆ ಸಾಗಿಸಬೇಕಾಯಿತು. ಮರುದಿನ ಹಸಿಸೊಪ್ಪು ಹಾಕಿ ಹೊಗೆ ಎಬ್ಬಿಸಿದೆವು. ಹೊಗೆ ಅರ್ಧಕ್ಕೇರಿ ಬಾಗಿ ನಮ್ಮ ಕಡೆಗೇ ಬಂತು. ದೊಡ್ಡ ಬೆಂಕಿ ಹಾಕೋಣವೆಂದರೆ ಒಣಗಿದ ಕಾಲ, ಪಕ್ಕದಲ್ಲೇ ತೋಟ.

“ರೈಟರೇ, ನನ್ನ ಆಳು ಇನ್ನು ಅದರ ಹತ್ರ ಬರೂದಿಲ್ಲ,” ಎಂದ ಮೇಸ್ತ್ರಿ. “ಅದು ಮರ ಅಲ್ಲಪ್ಪಾ, ಮದುವೆಮನೆ. ಕರೀದೆ ಹೋದ್ರೆ ಹೊಡೀತಾರೆ.”

ಕಂಟ್ರಾಕ್ಟರರು ಬಂದು ನೋಡಿದರು. ಮಳೆ ಹಿಡಿದರೆ ಲಾರಿ ಆ ಇಳಿಜಾರಿನಲ್ಲಿ ಇಳಿಯದು. “ಓದಿದೋನು ಅಂತ ನಿನ್ನ ಇಟ್ಕೊಂಡಿದ್ದು. ಹುಳ ಓಡ್ಸೋಕೂ ನಾನೇ ಬರ್ಬೇಕೇನಯ್ಯಾ?” ಎಂದು ಹೇಳಿ ಹೋದರು.

ಹುಳ ಓಡಿಸಬಲ್ಲವನು ಒಬ್ಬ ಇದ್ದ. ತೋಡಿನಾಚೆ ಕಾಡಂಚಿನ ಗುಡಿಸಲಲ್ಲಿ ಒಬ್ಬ ಜೇನುಕುರುಬ, ಅವನ ಹೆಂಡತಿ. ಆ ಮರ ಹತ್ತುವ ಹಕ್ಕು ಅವನ ಅಪ್ಪನಿಂದ ಅವನಿಗೆ ಬಂದದ್ದು. ಆಳು ಕುಳ್ಳ, ಮಾತುಗಾರ, ಬೆಲ್ಲದ ಚಹಕ್ಕೆ ಎಲ್ಲಿಗೆ ಬೇಕಾದರೂ ಬರುವವನು. ಮುಂಚೆ ಕೇಳಿದಾಗ ಎದೆ ತಟ್ಟಿಕೊಂಡಿದ್ದ: “ನಾ ಹತ್ತಿದ್ರೆ ಹುಳ ಎದ್ದು ಜಾಗ ಬಿಡ್ತಾವೆ ರೈಟ್ರೇ, ಬಸ್ಸಲ್ಲಿ ಮಾಲೀಕ್ರಿಗೆ ಬಿಡೋ ಹಂಗೆ.” ಆದರೆ ಆ ವರ್ಷ ಅವನು ಮರವನ್ನೇ ಹತ್ತಿರಲಿಲ್ಲ. ಕಾರಣ ತಿಳಿದದ್ದು ಗುಡಿಸಲಿಗೆ ಹೋದಾಗ.

ಹತ್ತುವವನ ಸೊಂಟದ ಬಳ್ಳಿಹಗ್ಗವನ್ನು ಕೆಳಗೆ ಒಬ್ಬ ಹಿಡಿದು ನಿಲ್ಲಬೇಕು. ಅವನು ಹತ್ತುವವನ ಹೆಂಡತಿಯ ಅಣ್ಣನೋ ತಮ್ಮನೋ ಆಗಿರಬೇಕು. ಬೇರೆಯವರಿಗೆ ಕೈ ಸೋತೀತು, ಮನಸ್ಸು ತಿರುಗೀತು. ತನ್ನ ಒಡಹುಟ್ಟಿದವಳು ವಿಧವೆಯಾಗಲಿ ಎಂದು ಯಾರೂ ಹಗ್ಗ ಬಿಡುವುದಿಲ್ಲ. ಅದು ಅವರ ಪದ್ಧತಿ. ಇವಳಿಗಿದ್ದ ಒಬ್ಬನೇ ಅಣ್ಣ ಹಿಂದಿನ ಮಳೆಗಾಲದ ಜ್ವರದಲ್ಲಿ ಹೋಗಿದ್ದ.

“ಬಾವ ಇಲ್ದೆ ಹತ್ತಲ್ಲ,” ಎಂದ ಅವನು. ಎದೆ ತಟ್ಟಿಕೊಳ್ಳಲಿಲ್ಲ.

“ನಾನು ಹಿಡೀತೀನಿ,” ಎಂದೆ.

ಅವನ ಹೆಂಡತಿ ಒಲೆಯ ಮುಂದಿದ್ದವಳು ತಿರುಗಿ ನನ್ನ ಕೈ ನೋಡಿ ನಕ್ಕಳು. “ಬೆಣ್ಣೆ ಕೈ! ಹಗ್ಗ ಹಿಡಿಯೋದಿರ್ಲಿ, ಹಗ್ಗಾನೇ ಇವ್ರನ್ನ ಹಿಡೀಬೇಕು.”

“ನಗಬೇಡ. ಹಿಡೀತೀನಿ ಅಂದ್ರೆ ಹಿಡೀತೀನಿ.”

ನಗುವುದನ್ನು ನಿಲ್ಲಿಸಿ ನನ್ನ ಮುಖವನ್ನು ನೋಡಿದಳು. “ಸುಮ್ಕೆ ಹಿಡಿಯೋ ಹಂಗಿಲ್ಲ ರೈಟ್ರೇ. ಹಿಡಿದ್ರೆ ನೀನು ನಂಗೆ ಅಣ್ಣ. ಮರ ಇಳಿದ್ಮೇಲೂ ಅಣ್ಣ. ಆಯ್ತದಾ?”

“ಆಯ್ತು,” ಎಂದೆ. ಸಂತೆಯಲ್ಲಿ ತಲೆಯಾಡಿಸಿದಂತೆ ಆಡಿಸಿಬಿಟ್ಟೆ.

ಇನ್ನೊಂದು ತೊಡಕು ಉಳಿದಿತ್ತು. ಅವರು ಯಾವತ್ತೂ ಎಲ್ಲ ತಟ್ಟಿ ಕೊಯ್ಯುವವರಲ್ಲ. ಮೇಲಿನ ಕೊಂಬೆಯವನ್ನು ಹುಳಕ್ಕೆಂದು ಬಿಡುತ್ತಾರೆ. ನನಗೆ ಒಂದೂ ಉಳಿಯಬಾರದಿತ್ತು. ನಿಜ ಹೇಳಿದ್ದರೆ ಅವನು ಹತ್ತುತ್ತಿರಲಿಲ್ಲ. ಆ ದಿನಗಳಲ್ಲಿ ಮಲೇರಿಯಾದವರು ಲೈನುಗಳಿಗೆಲ್ಲ ಬಿಳಿ ಔಷಧಿ ಹೊಡೆಯುತ್ತಿದ್ದರು, ನೊಣ ಜಿರಳೆಗಳೂ ಸತ್ತು ಬೀಳುತ್ತಿದ್ದವು. ಅದು ನನಗೆ ಅಲ್ಲೇ ಹೊಳೆಯಿತು.

“ತೋಟಕ್ಕೆಲ್ಲ ಆ ಔಷಧಿ ಹೊಡೀತಾರಂತೆ. ಹುಳ ಇಲ್ಲೇ ಇದ್ರೆ ಒಂದೂ ಉಳಿಯಲ್ಲ. ನೀನು ಎಲ್ಲ ತಟ್ಟಿ ತೆಗೆದು ಓಡಿಸಿದ್ರೆ ಬದುಕ್ತವೆ. ಮುಂದಿನ ವರ್ಷ ಅವೇ ಬರ್ತವಲ್ಲ.”

ಅವನು ಹೆಂಡತಿಯ ಕಡೆ ನೋಡಿದ. ಅವಳು ನನ್ನ ಕಡೆ ನೋಡಿ, “ಅಣ್ಣ ಅಂತಾನಲ್ಲ. ತೆಗಿ,” ಎಂದಳು.

ಮಾಲೀಕರಿಗೂ ಕಂಟ್ರಾಕ್ಟರರಿಗೂ ನಡೆದ ವ್ಯಾಪಾರದಲ್ಲಿ ಒಂದೂ ಸುಳ್ಳಿರಲಿಲ್ಲ. ಸುಳ್ಳು ಬೇಕಾದದ್ದು ವ್ಯಾಪಾರದ ಹೊರಗಿದ್ದವರಿಗೆ ಮಾತ್ರ, ಅದನ್ನು ಒದಗಿಸಿದವನು ನಾನು. ಇದು ನನಗೆ ಅರ್ಥವಾಗಲು ಬಹಳ ವರ್ಷ ಬೇಕಾಯಿತು.

ಎರಡು ದಿನ ಅವನು ಬಿದಿರಿನ ಗೂಟಗಳನ್ನು ಕಾಂಡಕ್ಕೆ ಒಂದರ ಮೇಲೊಂದು ಬಡಿದು ಏಣಿ ಮಾಡಿಕೊಂಡ. ಬಡಿಯುವಾಗ ಹುಳಗಳು ಸುಮ್ಮನಿದ್ದವು. ಅದೇ ಮರ, ಅದೇ ಪೆಟ್ಟು. ಯಾಕೆಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಅಮಾವಾಸ್ಯೆಯ ಹತ್ತಿರದ ಕತ್ತಲು ನೋಡಿ ಹತ್ತಿದ. ಬೆಳಕಿನಲ್ಲಿ ಹೆಜ್ಜೇನು ಮುಟ್ಟುವ ಹಾಗಿಲ್ಲ. ಹಗ್ಗವನ್ನು ಬೇರಿಗೆ ಒಂದು ಸುತ್ತು ಹಾಕಿ, ತುದಿಯನ್ನು ನನ್ನ ಅಂಗೈಗೆ ಸುತ್ತಿದವಳು ಅವನ ಹೆಂಡತಿ. “ಮಾತಾಡ್ಬೇಡ. ಕೆಮ್ಮಬೇಡ. ಅವನು ಎಳೆದ್ರೆ ಬಿಡು, ಬಿಟ್ರೆ ಎಳಿ,” ಎಂದು ಪಿಸುಗುಟ್ಟಿ ದೂರ ಹೋಗಿ ಕುಳಿತಳು.

ಅವನು ಕಾಣದಾದ. ಹಗ್ಗ ಮಾತ್ರ ನನ್ನ ಕೈಯಿಂದ ಸ್ವಲ್ಪಸ್ವಲ್ಪವಾಗಿ ಮೇಲೆ ಹೋಗುತ್ತಿತ್ತು. ಬಹಳ ಹೊತ್ತಿನ ಮೇಲೆ, ಮನುಷ್ಯ ಇರಬಾರದಷ್ಟು ಎತ್ತರದಿಂದ, ಅವನ ದನಿ ಕೇಳಿಸಿತು. ಹುಳಗಳೊಡನೆ ಮಾತಾಡುತ್ತಿದ್ದ. ಮಕ್ಕಳನ್ನು ಎಬ್ಬಿಸುವವರ ದನಿ. ಔಷಧಿಯ ವಿಷಯ ಹೇಳುತ್ತಿದ್ದ. ನಾನು ಹೇಳಿದ್ದನ್ನೇ, ನನ್ನ ಮಾತುಗಳಲ್ಲೇ, ಅವಕ್ಕೆ ಹೇಳುತ್ತಿದ್ದ. ಹೋಗ್ರವ್ವಾ, ಮುಂದಿನ ವರ್ಷ ಬರ್ರವ್ವಾ ಎಂದ.

ಆಮೇಲೆ ಹೊತ್ತಿಸಿದ ಸೊಪ್ಪಿನ ಸೂಡಿಯನ್ನು ತಟ್ಟಿಗೆ ಒರೆಸಿದ. ಕಿಡಿಗಳು ಸುರಿಯತೊಡಗಿದವು. ಹುಳಗಳು ಕಿಡಿಗಳ ಬೆನ್ನು ಹತ್ತಿ ಕೆಳಗಿಳಿದವು. ಕತ್ತಲಲ್ಲಿ ಒಂದು ಕೆಂಪು ಮಳೆ, ಅದರ ಸುತ್ತ ಕಾಣದ ಇನ್ನೊಂದು ಮಳೆ, ಎರಡೂ ನೆಲಕ್ಕೆ ಬೀಳುವ ಮೊದಲೇ ಆರಿಹೋಗುತ್ತಿದ್ದವು. ಸದ್ದು ಮರದಿಂದ ಹೊರಬಂದು ನನ್ನ ಸುತ್ತ ನಿಂತಿತು. ನನ್ನ ತೋಳಿನ ಮೇಲೆ, ಕುತ್ತಿಗೆಯ ಮೇಲೆ, ರೆಪ್ಪೆಯ ಮೇಲೆ ಹುಳ ಓಡಾಡಿದವು. ಒಂದೂ ಕಚ್ಚಲಿಲ್ಲ. ಕಚ್ಚಿದ್ದರೆ ಹಗ್ಗ ಬಿಟ್ಟು ಓಡುತ್ತಿದ್ದೆನೋ ಏನೋ. ಅವು ನನ್ನನ್ನು ಮನೆಯವನೆಂದು ತಿಳಿದವೋ ಎನ್ನುವ ಯೋಚನೆ ಬಂದು ಬೆವರು ಬಿಟ್ಟಿತು.

ಅವನು ಇಳಿದಾಗ ನನ್ನ ಅಂಗೈಯ ಚರ್ಮ ಹಗ್ಗಕ್ಕೆ ಹತ್ತಿಕೊಂಡಿತ್ತು. ಅವಳು ಹಗ್ಗ ಬಿಡಿಸಿ, ಸುಲಿದ ಜಾಗಕ್ಕೆ ಜೇನು ಸವರಿ, “ಪರ್ವಾಗಿಲ್ಲ. ಬೆಣ್ಣೆ ಕರಗ್ಲಿಲ್ಲ,” ಎಂದಳು.

ಅವನು ಬೆಳಗಿನವರೆಗೂ ಬುಡದಲ್ಲಿ ಹೊಗೆ ಹಾಕಿದ. ಹಗಲಾದ ಮೇಲೆ ಹುಳಗಳು ಬರಿಯ ಕೊಂಬೆಗಳ ಕೆಳಗೆ ತೂಗಿಕೊಂಡು ನೋಡಿದವು. ಸ್ವಲ್ಪ ದಿನಗಳಲ್ಲಿ ಗುಂಪುಗುಂಪಾಗಿ ಎದ್ದು ಬೆಟ್ಟ ದಾಟಿದವು. ಕೊನೆಯ ಗುಂಪು ಹೋದ ಮಧ್ಯಾಹ್ನವೇ ನಾನು ಮೇಸ್ತ್ರಿಯನ್ನು ಕರೆಸಿದೆ.

ಎರಡಾಳಿನ ಗರಗಸ ಮೆದುಮರದಲ್ಲಿ ಹಾಯಾಗಿ ಓಡಿತು. ಬೆಣೆ ಹೊಡೆಯುತ್ತಿದ್ದಾಗ ಗಂಡಹೆಂಡಿರು ತೋಡು ದಾಟಿ ಬರುವುದು ಕಂಡಿತು. ಅವಳ ಕೈಯಲ್ಲಿ ಬಿದಿರಿನ ಅಂಡೆ. ಸೋಸಿದ ಜೇನಿನ ಮೊದಲ ಪಾಲು ಹಗ್ಗ ಹಿಡಿದವನಿಗೆ ಸಲ್ಲಬೇಕು. ಅದನ್ನು ತಂದಿದ್ದರು.

ಅವನು ಮೊದಲು ಮರ ನೋಡಿದ, ಆಮೇಲೆ ನನ್ನನ್ನು. “ಬಾವಾ, ಮರಕ್ಕೂ ಔಷಧಿ ಹೊಡೀತಾರಾ?” ಎಂದು ಕೇಳಿದ. ಕುಹಕವಿರಲಿಲ್ಲ. ಇನ್ನೂ ನಂಬಲು ದಾರಿ ಹುಡುಕುತ್ತಿದ್ದ.

“ದೂರ ನಿಲ್ಲಿ, ಬೀಳುತ್ತೆ,” ಎಂದೆ. ನಾನು ಹೇಳಿದ್ದು ಅಷ್ಟೇ.

ಮರ ಬೀಳುವಾಗ ಸದ್ದಾಯಿತು, ಅದು ಯಾವ ಮರ ಬಿದ್ದರೂ ಆಗುವಂಥದ್ದೇ. ಅದರ ನಂತರದ ನಿಶ್ಶಬ್ದ ಬೇರೆ. ಆ ಮೊರೆತ ನಿಂತು ಕೆಲವು ದಿನವಾಗಿದ್ದರೂ, ಅದು ನಿಂತಿದೆ ಎಂದು ಗೊತ್ತಾದದ್ದು ಆಗ. ಅವನು ಕುಕ್ಕರಗಾಲಲ್ಲಿ ಕುಳಿತುಬಿಟ್ಟ. ಅವಳು ಮಾತ್ರ ಬಂದು ಅಂಡೆಯನ್ನು ನನ್ನ ಪಾದದ ಹತ್ತಿರ ಇಟ್ಟಳು.

“ಹಗ್ಗದ ಪಾಲು. ಕೊಡ್ದೆ ಇರೋ ಹಂಗಿಲ್ಲ, ಅಣ್ಣ.”

ಮೇಸ್ತ್ರಿಯ ಆಳುಗಳು ಅದನ್ನು ಕುಡಿದರು. ನಾನು ಮುಟ್ಟಲಿಲ್ಲ. ಅದನ್ನು ಆಗ ದೊಡ್ಡ ತ್ಯಾಗವೆಂದುಕೊಂಡಿದ್ದೆ.

ಮಳೆಗಾಲ ಕಳೆಯಿತು. ಕಂಟ್ರಾಕ್ಟರರು ಪಕ್ಕದ ಬಾಣೆ ಹಿಡಿದರು, ನಾನೂ ಅಲ್ಲೇ ಉಳಿದೆ. ಮರುವರ್ಷ ಹೂಮಳೆ ಬಿದ್ದು ಎಸ್ಟೇಟಿನ ರೊಬಸ್ಟಾ ಹೂ ಬಿಟ್ಟಿತು. ಗುಡ್ಡದಿಂದ ಗುಡ್ಡಕ್ಕೆ ಬೆಳ್ಳಗೆ. ಬೆಳಿಗ್ಗೆ ಲೈನಿನ ಹೆಂಗಸೊಬ್ಬಳು ಕೆಲಸಕ್ಕೆ ಹೊರಟವಳು ನಡುದಾರಿಯಲ್ಲಿ ನಿಂತು, “ಕಿವಿ ಮುಚ್ಚಿಹೋದಂಗಿದೆ, ಯಾಕೆ?” ಎಂದಳು. ನಾವೆಲ್ಲ ನಿಂತು ಕೇಳಿದೆವು. ಘಮ ಇತ್ತು, ಹೂ ಇತ್ತು, ಸದ್ದಿರಲಿಲ್ಲ. ಹೂವಿನ ಹೊತ್ತಿನಲ್ಲಿ ತೋಟದಲ್ಲಿ ಎದುರು ನಿಂತವರ ಮಾತೂ ಕೇಳದಷ್ಟು ಮೊರೆತ ಇರುತ್ತಿತ್ತು. ಆ ಬೆಳಿಗ್ಗೆ ಒಂದು ಎಲೆ ಬಿದ್ದದ್ದು ಕೇಳಿಸಿತು. ಆ ವರ್ಷ ಕಾಯಿ ಸರಿಯಾಗಿ ಕಟ್ಟಲಿಲ್ಲ. ಎರಡನೇ ಮಳೆ ಕೈಕೊಟ್ಟಿತು ಎಂದರು ಮಾಲೀಕರು. ಇರಬಹುದು.

ಹೂ ಕಂದುತ್ತಿದ್ದಾಗ ಹುಳಗಳು ಬಂದವು.

ಜೇನುಮರ ಇದ್ದ ಜಾಗದಲ್ಲಿ ಎಳೆ ಕಾಫಿಗಿಡ ನೆಟ್ಟಾಗಿತ್ತು. ಹತ್ತು ಗಂಟೆಯ ಬಿಸಿಲು. ಗಿಡಗಳ ಮೇಲೆ ಒಂದು ನೆರಳು ಬಿತ್ತು. ತಲೆಯೆತ್ತಿ ನೋಡಿದರೆ, ಕೊಂಬೆಗಳಿದ್ದ ಎತ್ತರದಲ್ಲಿ, ಖಾಲಿ ಆಕಾಶದಲ್ಲಿ, ಹುಳಗಳು ನಿಂತಿದ್ದವು. ಹಾರಿ ಹೋಗುತ್ತಿರಲಿಲ್ಲ, ಇಳಿಯುತ್ತಿರಲಿಲ್ಲ. ಒಂದು ಗುಂಪು ಇಲ್ಲಿ, ಒಂದು ಅಲ್ಲಿ, ನಡುವೆ ಅಂತರ ಬಿಟ್ಟುಕೊಂಡು, ಇಲ್ಲದ ಕೊಂಬೆಗಳ ಕೆಳಗೆ ತಮ್ಮ ತಮ್ಮ ಜಾಗ ಹಿಡಿದು ಸುತ್ತುತ್ತಿದ್ದವು. ದಿಟ್ಟಿಸಿ ನೋಡಿದರೆ ಮರದ ಆಕಾರವೇ ಕಾಣುತ್ತಿತ್ತು. ಹೆಂಗಸರು ಬುಟ್ಟಿ ಬಿಟ್ಟು ಲೈನಿಗೆ ಹೋದರು. ಆನೆ ಆ ದಾರಿಯಲ್ಲಿ ಕಾಲಿಡಲಿಲ್ಲ. ಮೇಸ್ತ್ರಿ, “ಇದು ನಾನು ಕಡಿದದ್ದಾ, ಇಲ್ಲಾ ಇನ್ನೂ ಉಂಟಾ?” ಎಂದು ನನ್ನನ್ನೇ ಕೇಳಿದ. ತಮಾಷೆಗೆ ಕೇಳಿದ್ದಲ್ಲ.

ಸಂಜೆಗೆ ಸೋತ ಹುಳಗಳು ಎಳೆ ಗಿಡಗಳ ಮೇಲೆ ಉದುರತೊಡಗಿದವು. ಆಗ ನನ್ನ ಪಕ್ಕದಲ್ಲಿ ಯಾರೋ ನಿಂತಿದ್ದು ತಿಳಿಯಿತು. ಅವನ ಹೆಂಡತಿ. ನನ್ನನ್ನು ನೋಡದೆ ಮೇಲೆಯೇ ನೋಡುತ್ತಿದ್ದಳು.

“ಬರ್ತವೆ ಅಂದಿದ್ದೆ. ಬಂದವೆ. ಮನೆ ಎಲ್ಲಿ ಅಂತ ಕೇಳ್ತಾವೆ, ಹೇಳು ಅಣ್ಣ.”

ಅವಳು ಬಂದದ್ದು ಅದಕ್ಕಲ್ಲ. ಅವರಿಗೆ ಬೇರೆ ಮರ ಉಳಿದಿರಲಿಲ್ಲ. ನಾವು ಹಿಡಿದ ಬಾಣೆಗಳೆಲ್ಲ ಬಯಲಾಗಿದ್ದವು. ಹೊಳೆಯ ಕಡೆಯ ಕಲ್ಲುಬಂಡೆಯೊಂದರಲ್ಲಿ ಕೆಲವು ತಟ್ಟಿ ಕಟ್ಟಿದ್ದವಂತೆ. ಬಂಡೆ ಇವನಿಗೆ ಹೊಸದು, ಮೇಲಿನಿಂದ ಹಗ್ಗದಲ್ಲಿ ಇಳಿಯಬೇಕು. “ನೀನು ಬರ್ಬೇಕು. ಬರೋ ಅಮಾಸೆಗೆ. ಬೇರೆ ಯಾರೂ ಆಗಲ್ಲ,” ಎಂದಳು. ಅವಳ ದನಿಯಲ್ಲಿ ಬೇಡಿಕೆ ಇರಲಿಲ್ಲ. ಹಕ್ಕಿತ್ತು.

“ಬರ್ತೀನಿ,” ಎಂದೆ.

ಆ ಅಮಾವಾಸ್ಯೆಯ ಮಧ್ಯಾಹ್ನ ಹೊರಟೆ. ತೋಡಿನವರೆಗೂ ಹೋದೆ. ಅಲ್ಲಿ ಕಾಲು ನಿಂತಿತು. ಬಂಡೆಗೆ ಹೆದರಿದ್ದಲ್ಲ, ಹುಳಕ್ಕೂ ಅಲ್ಲ. ಅವಳು ಮತ್ತೆ ನನ್ನ ಅಂಗೈಗೆ ಹಗ್ಗ ಸುತ್ತುವುದನ್ನು, ಅವನು ಮತ್ತೆ ಬಾವ ಎಂದು ಕರೆಯುವುದನ್ನು ಯೋಚಿಸಿದೆ. ಅವರು ಬೈದಿದ್ದರೆ ಹೋಗುತ್ತಿದ್ದೆ. ತಿರುಗಿ ಸುಂಟಿಕೊಪ್ಪಕ್ಕೆ ನಡೆದೆ. ಚಹದಂಗಡಿಯಲ್ಲಿ ಕುಳಿತು ಪತ್ರಿಕೆ ಓದಿ ಹೇಳಿದೆ. ನಾನು ಬರದಿದ್ದರೆ ಅವನು ಇಳಿಯುವುದಿಲ್ಲ, ಬಾವ ಇಲ್ಲದೆ ಹತ್ತಲ್ಲ ಎಂದಿದ್ದನಲ್ಲ ಎಂದು ಸಮಾಧಾನ ಹೇಳಿಕೊಂಡೆ.

ಇಳಿದಿದ್ದ. ಕತ್ತಲಾದರೂ ಕಾದಿದ್ದರು. ಆಮೇಲೆ, ಬಾವನಿಗೇನೋ ತಡವಾಗಿದೆ, ಬಂದೇ ಬರ್ತಾನೆ ಎಂದು ಹೇಳಿ, ಹಗ್ಗವನ್ನು ಹೆಂಡತಿಯ ಕೈಗೆ ಕೊಟ್ಟು ಇಳಿದಿದ್ದ. ಅವಳ ಕೈಯಿಂದ ಹಗ್ಗ ಹೋಯಿತು, ಅವನು ಉಳಿಯಲಿಲ್ಲ. ಮರುದಿನ ಮೇಸ್ತ್ರಿ ಬಂದು ಇದನ್ನು ಹೇಳಿದ. ನಾನು ಬುತ್ತಿ ಬಿಚ್ಚಿ ಕುಳಿತಿದ್ದೆ. “ಆ ಹೆಂಗಸು ಅಳೂದಿಲ್ಲ, ರೈಟರೇ. ನಮ್ಮಣ್ಣನಿಗೆ ಹೇಳಿ ಅಂತ ಮಾತ್ರ ಹೇಳ್ತಾಳೆ. ಯಾರವನು, ಅವಳ ಅಣ್ಣ?” ಎಂದು ಕೇಳಿದ.

“ಗೊತ್ತಿಲ್ಲ,” ಎಂದೆ.

ಮಣ್ಣಿಗೆ ಹೋಗಲಿಲ್ಲ. ತಿಂಗಳೊಳಗೆ ಆ ಕೆಲಸ ಬಿಟ್ಟು ಘಟ್ಟದ ಕೆಳಗೆ ಮಿಲ್ಲೊಂದರಲ್ಲಿ ಸೇರಿಕೊಂಡೆ. ಕೊಡಗು ಮೈಸೂರಿಗೆ ಸೇರಿದ್ದು, ಜನ ಹಾರ ತುರಾಯಿ ಹಿಡಿದು ಓಡಾಡಿದ್ದು, ನಾನು ಅಲ್ಲಿ ಕೇಳಿದ ಸುದ್ದಿಗಳು.

ತಲೆ ನರೆತ ಮೇಲೆ ಒಮ್ಮೆ ನೆಂಟರ ಮದುವೆಗೆಂದು ಮೂರ್ನಾಡಿಗೆ ಹೋಗಿದ್ದೆ. ಬರುವಾಗ ಬಸ್ಸು ಸುಂಟಿಕೊಪ್ಪದಲ್ಲಿ ನಿಂತಿತು, ಇಳಿದು ಚಹ ಕುಡಿಯುತ್ತಿದ್ದೆ. ಅಂಗಡಿಯ ಪಕ್ಕದ ಕಟ್ಟೆಯಲ್ಲಿ ಸೌದೆ ಹೊರೆ ಇಳಿಸಿ ಕುಳಿತಿದ್ದ ಮುದುಕಿಯೊಬ್ಬಳು ನನ್ನ ಕೈಯನ್ನೇ ನೋಡುತ್ತಿದ್ದಳು. ಮುಖದಿಂದ ನಾನು ಗುರುತು ಹಿಡಿಯುತ್ತಿರಲಿಲ್ಲ. ದನಿಯಿಂದ ಹಿಡಿದೆ.

“ಚೆನ್ನಾಗಿದ್ದೀಯಾ, ಅಣ್ಣ?”

ವ್ಯಂಗ್ಯ ಹುಡುಕಿದೆ, ಇರಲಿಲ್ಲ. ನನ್ನ ಕೈಯಲ್ಲಿ ಲೋಟ ಇತ್ತು. ಕಂಡಕ್ಟರ್ ಶಿಳ್ಳೆ ಹಾಕಿದ. ಹೇಳಬೇಕಾದ ಮಾತು ಗೊತ್ತಿತ್ತು, ಬಸ್ಸು ಒಂದು ನಿಮಿಷ ಕಾಯುತ್ತಿತ್ತು, ಕಾಯದಿದ್ದರೂ ಇನ್ನೊಂದು ಬಸ್ಸು ಇತ್ತು. ನಾನು ಲೋಟ ಇಟ್ಟು, “ಹೂಂ,” ಎಂದು, ಹತ್ತಿ ಕುಳಿತೆ. ಹಿಂದಕ್ಕೆ ನೋಡಲಿಲ್ಲ.

ಆಮೇಲೆ ಕೆಲವು ಸಲ ಹುಡುಕಿಕೊಂಡು ಹೋದೆ. ತೋಡಿನಾಚೆ ಗುಡಿಸಲಿರಲಿಲ್ಲ, ಅಲ್ಲೂ ಕಾಫಿ ಇತ್ತು. ಜೇನುಕುರುಬರ ಹಾಡಿಗಳಲ್ಲಿ ವಿಚಾರಿಸಿದರೆ, ಹೆಸರು ಹೇಳಿ ಎನ್ನುತ್ತಿದ್ದರು, ನಾನು ಹೇಳದೆ ಬಂದುಬಿಡುತ್ತಿದ್ದೆ. ಅವಳು ನನ್ನನ್ನು ಅಣ್ಣ ಎಂದಳು, ನಾನು ಅವಳನ್ನು ಒಂದು ಸಲವೂ ಹೆಸರು ಹಿಡಿದು ಕರೆದಿರಲಿಲ್ಲ. ಆದರೆ ಅವಳ ಹೆಸರು ನನಗೆ ಗೊತ್ತಿತ್ತು. ಆ ಕತ್ತಲಲ್ಲಿ, ಮರದ ತುದಿಯಿಂದ, ಎಲ್ಲ ತಟ್ಟಿ ಮುಗಿಸಿದ ಮೇಲೆ, ಅವನು ಕೂಗಿ ಕರೆದಿದ್ದ.

ಬೊಮ್ಮಿ.